ಕಾಯ್ದಿಟ್ಟ ಚಪ್ಪಲಿಗಳು

ದೊಡ್ಡ ನಗರಗಳ ಹೆಸರಾಂತ ವಸ್ತುಸಂಗ್ರಹಾಲಯಗಳಲ್ಲಿ ಎಂದೂ ತಲೆಗೆ ಬಾರದ ಒಂದು ಪ್ರಶ್ನೆ ವಿಶ್ವವಿದ್ಯಾಲಯಗಳ ಸಣ್ಣ ಸಂಗ್ರಹಾಲಯಗಳಲ್ಲಿ ನನ್ನನ್ನು ಬಿಡದೆ ಕಾಡುತ್ತದೆ: ಇಷ್ಟನ್ನೆಲ್ಲ ಇವರು ಯಾರಿಗಾಗಿ ಇಟ್ಟುಕೊಂಡಿದ್ದಾರೆ? ದೊಡ್ಡ ಕಡೆ ಉತ್ತರ ಬಾಗಿಲಲ್ಲೇ ಸಿಕ್ಕಿಬಿಡುತ್ತದೆ. ಅಲ್ಲಿ ಎಲ್ಲವೂ ಟಿಕೆಟ್ ಕೊಂಡು ಬಂದವರ ಕಣ್ಣಿಗಾಗಿ ಸಿಂಗರಿಸಿಕೊಂಡು ನಿಂತಿರುತ್ತದೆ. ವಿಶ್ವವಿದ್ಯಾಲಯದ ಸಂಗ್ರಹಾಲಯದಲ್ಲಿ ನಮಗೆ ಕಾಣುವುದು ಕೆಲವೇ ಕೊಠಡಿಗಳು. ಉಳಿದದ್ದು ಗೋಡೆಯ ಆಚೆಗೆ, ಕಪಾಟುಗಳಲ್ಲಿ, ಸಂಖ್ಯೆ ಬರೆದ ಡಬ್ಬಗಳಲ್ಲಿ, ಎಳೆದರೆ ಉದ್ದಕ್ಕೆ ಹೊರಬರುವ ಡ್ರಾಯರುಗಳಲ್ಲಿ ಇರುತ್ತದೆ. ಅವುಗಳಲ್ಲಿ ಬಹುಪಾಲು ವಸ್ತುಗಳು ಎಂದಿಗೂ ಗಾಜಿನ ಪೆಟ್ಟಿಗೆಗೆ ಬರುವುದಿಲ್ಲ. ಒಡೆದ ಎಲುಬು, ಸುಟ್ಟ ಹಗ್ಗದ ತುಂಡು, ಒಣಗಿದ ಮಲದ ಉಂಡೆ, ಬೂದಿ ಬೆರೆತ ಮಣ್ಣು. ತೋರಿಸುವುದಕ್ಕಲ್ಲದಿದ್ದರೆ ಮತ್ತೆ ಯಾತಕ್ಕೆ?

ಅಮೆರಿಕದ ವಾಯವ್ಯ ಭಾಗದ ಎರಡು ಸಂಗ್ರಹಾಲಯಗಳನ್ನು ನೋಡಿ ಬಂದ ಮೇಲೆ ಈ ಪ್ರಶ್ನೆಗೆ ನನಗೆ ಅರ್ಧ ಉತ್ತರ ಸಿಕ್ಕಿದೆ. ಉಳಿದರ್ಧ ಮೊದಲಿಗಿಂತ ಜಟಿಲವಾಗಿದೆ. ಒಂದು, ಯುಜೀನ್ ಪಟ್ಟಣದಲ್ಲಿರುವ ಒರೆಗಾನ್ ವಿಶ್ವವಿದ್ಯಾಲಯದ ನೈಸರ್ಗಿಕ ಮತ್ತು ಸಾಂಸ್ಕೃತಿಕ ಇತಿಹಾಸದ ಸಂಗ್ರಹಾಲಯ. ಇನ್ನೊಂದು, ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯಕ್ಕೆ ಸೇರಿದ ಬರ್ಕ್ ಸಂಗ್ರಹಾಲಯ.

ಬೂದಿಯ ಕೆಳಗೆ ಸಿಕ್ಕ ಜೋಡು

ಯುಜೀನ್‌ನ ಕಟ್ಟಡ ಆ ಪ್ರದೇಶದ ಮೂಲನಿವಾಸಿಗಳ ಉದ್ದಮನೆಗಳ ಮಾದರಿಯದು. ಮರದ ಬಳಕೆ ಹೆಚ್ಚು, ಆಡಂಬರ ಕಡಿಮೆ. ಒಳಗೆ ನಾನು ಎಲ್ಲಕ್ಕಿಂತ ಹೆಚ್ಚು ಹೊತ್ತು ನಿಂತದ್ದು ಒಂದು ಚಪ್ಪಲಿಯ ಮುಂದೆ. ಸೇಜ್‌ಬ್ರಷ್ ಎಂಬ ಕುರುಚಲು ಗಿಡದ ತೊಗಟೆಯನ್ನು ನಾರಾಗಿ ಸೀಳಿ, ಹುರಿ ಮಾಡಿ ಹೆಣೆದ ಚಪ್ಪಲಿ ಅದು. ಬಣ್ಣ ಒಣ ಸಗಣಿಯದು. ಹತ್ತಿರ ಬಗ್ಗಿ ನೋಡಿದರೆ ಮಾತ್ರ ಅದರ ಕಸುಬು ಕಾಣುತ್ತದೆ: ಉದ್ದಕ್ಕೆ ಐದು ದಪ್ಪ ಹಗ್ಗಗಳು, ಅವುಗಳ ನಡುವೆ ಅಡ್ಡಡ್ಡವಾಗಿ ಒತ್ತೊತ್ತಾಗಿ ಸುತ್ತಿಕೊಂಡು ಹೋದ ಹುರಿ. ಹೆಣಿಗೆ ಹಿಮ್ಮಡಿಯ ಕಡೆಯಿಂದ ಶುರುವಾಗಿ ಬೆರಳುಗಳ ಕಡೆಗೆ ಸಾಗುತ್ತದೆ. ಅಲ್ಲಿ ಆ ದಪ್ಪ ಹಗ್ಗಗಳನ್ನೇ ಬಿಡಿಸಿ ತೆಳು ಎಳೆಗಳನ್ನಾಗಿ ಮಾಡಿ, ಹಿಂದಕ್ಕೆ ಮಡಚಿ, ಬೆರಳುಗಳ ಮೇಲೆ ಮುಚ್ಚಿಕೊಳ್ಳುವ ಒಂದು ಹೊದಿಕೆಯನ್ನು ಹೆಣೆಯಲಾಗಿದೆ. ಹಿಮ್ಮಡಿಗೆ ಆಸರೆಯಿಲ್ಲ, ಕಾಲಿನ ಹರಡಿಗೆ ಸುತ್ತಿ ಕಟ್ಟಲು ಒಂದು ದಾರವಿದೆ, ಅಷ್ಟೆ. ಇದನ್ನು ಹೆಣೆದವರು ಅಂದು ಮೊದಲ ಬಾರಿಗೆ ಪ್ರಯತ್ನಿಸಿದವರಲ್ಲ ಎಂಬುದು ನೋಡಿದ ಕೂಡಲೇ ತಿಳಿಯುತ್ತದೆ. ಯಾರೋ ಕಲಿಸಿದ್ದಾರೆ, ಕಲಿಸಿದವರಿಗೆ ಇನ್ನಾರೋ ಕಲಿಸಿದ್ದಾರೆ. ನನ್ನ ಪಕ್ಕದಲ್ಲಿದ್ದ ಒಬ್ಬರು ಇದು ಅಸಲಿಯೋ ಪ್ರತಿಕೃತಿಯೋ ಎಂದು ಅಲ್ಲಿದ್ದ ವಿದ್ಯಾರ್ಥಿ ಸ್ವಯಂಸೇವಕನನ್ನು ಕೇಳಿದರು. ಅಸಲಿಯೇ ಎಂದ ಅವನು, ಮಕ್ಕಳ ಅಳತೆಯವೂ ಸಿಕ್ಕಿವೆ ಎಂದು ಸೇರಿಸಿದ. ಆ ಮಾತು ಕೇಳಿದ ಮೇಲೆ ಆ ಗುಹೆ ನನ್ನ ಮಟ್ಟಿಗೆ ಬೇಟೆಗಾರರ ತಂಗುದಾಣವಾಗಿ ಉಳಿಯಲಿಲ್ಲ, ಸಂಸಾರವೊಂದರ ಬಿಡಾರವಾಯಿತು.

ಈ ಚಪ್ಪಲಿಗಳು ಸಿಕ್ಕಿದ್ದು 1938ರಲ್ಲಿ, ಒರೆಗಾನ್‌ನ ಒಣ ಒಳನಾಡಿನ ಫೋರ್ಟ್ ರಾಕ್ ಗುಹೆಯಲ್ಲಿ. ಅಗೆಸಿದವರು ಲೂಥರ್ ಕ್ರೆಸ್‌ಮನ್. ಮೊದಲು ಪಾದ್ರಿಯಾಗಿ ದೀಕ್ಷೆ ಪಡೆದು, ಆಮೇಲೆ ಸಮಾಜಶಾಸ್ತ್ರಕ್ಕೆ ಬಂದು, ಅಲ್ಲಿಂದ ಪುರಾತತ್ವಕ್ಕೆ ಸರಿದ ಮನುಷ್ಯ. ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಮೀಡ್ ಅವರ ಮೊದಲ ಪತಿ ಎಂದು ಮಾತ್ರ ಅವರನ್ನು ಬಲ್ಲವರೂ ಇದ್ದಾರೆ. ಅದು ಅವರಿಗೆ ಮಾಡಿದ ಅನ್ಯಾಯ. ಗುಹೆಯೊಳಗೆ ಡಜನುಗಟ್ಟಲೆ ಚಪ್ಪಲಿಗಳು, ಅನೇಕವು ಸುಟ್ಟು ಕರಿಯಾದವು, ಜ್ವಾಲಾಮುಖಿಯ ಬೂದಿಯ ಒಂದು ಪದರದ ಕೆಳಗೆ ಇದ್ದವು. ಆ ಬೂದಿ ಮಜಾಮಾ ಪರ್ವತದ್ದು. ಆ ಪರ್ವತ ಸ್ಫೋಟಿಸಿ ಒಳಗೆ ಕುಸಿದಾಗ ಆದ ಕುಳಿಯಲ್ಲೇ ಈಗಿನ ಕ್ರೇಟರ್ ಲೇಕ್ ಎಂಬ ಸರೋವರವಿದೆ, ಅಮೆರಿಕದ ಸರೋವರಗಳಲ್ಲೆಲ್ಲ ಅತ್ಯಂತ ಆಳವಾದದ್ದು. ಬೂದಿಯ ಕೆಳಗಿದ್ದ ಚಪ್ಪಲಿ ಬೂದಿಗಿಂತ ಹಳೆಯದಾಗಿರಲೇಬೇಕು ಎಂಬ ಕ್ರೆಸ್‌ಮನ್‌ರ ವಾದ ಸರಳವಾಗಿತ್ತು. ಆದರೆ ಬೂದಿ ಎಷ್ಟು ಹಳೆಯದೆಂದು ಖಚಿತವಾಗಿ ಹೇಳುವ ಉಪಾಯ ಆಗ ಯಾರ ಬಳಿಯೂ ಇರಲಿಲ್ಲ. ಆ ಒಣನಾಡಿನಲ್ಲಿ ಮನುಷ್ಯರ ವಾಸ ಅಂಥ ಹಳೆಯದೇನಲ್ಲ ಎಂದು ನಂಬಿದ್ದ ವಿದ್ವಾಂಸರು ಅವರ ಮಾತನ್ನು ಒಪ್ಪಲಿಲ್ಲ.

ಚಪ್ಪಲಿಗಳು ಯುಜೀನ್‌ಗೆ ಬಂದವು. ಕಾದವು. ಹನ್ನೆರಡು ಹದಿಮೂರು ವರ್ಷ ಕಳೆಯುವ ಹೊತ್ತಿಗೆ ಷಿಕಾಗೋದಲ್ಲಿ ವಿಲ್ಲಾರ್ಡ್ ಲಿಬ್ಬಿ ಎಂಬ ರಸಾಯನಶಾಸ್ತ್ರಜ್ಞ, ಸತ್ತ ಜೀವದಲ್ಲಿ ಉಳಿದಿರುವ ವಿಕಿರಣಶೀಲ ಇಂಗಾಲವನ್ನು ಅಳೆದು ಅದರ ವಯಸ್ಸು ಹೇಳುವ ವಿಧಾನವನ್ನು ಕಂಡುಕೊಂಡಿದ್ದರು. 1951ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಆ ಚಪ್ಪಲಿಗಳ ವಯಸ್ಸು 9,053 ವರ್ಷ, 350 ವರ್ಷ ಹೆಚ್ಚು ಕಡಿಮೆ. ವಾದ ಅಲ್ಲಿಗೆ ಮುಗಿಯಿತು. ನಂತರದ ಪರೀಕ್ಷೆಗಳು, ತಿದ್ದುಪಡಿಗಳು ಸೇರಿ ಕೆಲವಕ್ಕೆ 10,000 ವರ್ಷಕ್ಕೂ ಹೆಚ್ಚು ವಯಸ್ಸು ಎಂದು ಹೇಳುತ್ತವೆ. ಜಗತ್ತಿನಲ್ಲಿ ನೇರವಾಗಿ ಕಾಲನಿರ್ಣಯವಾದ ಪಾದರಕ್ಷೆಗಳಲ್ಲಿ ಇಷ್ಟು ಹಳೆಯವು ಬೇರೆ ತಿಳಿದಿಲ್ಲ.

ಇಲ್ಲಿ ನನ್ನನ್ನು ತಡೆದು ನಿಲ್ಲಿಸುವ ಸಂಗತಿ ವಯಸ್ಸಲ್ಲ. ಲಿಬ್ಬಿಯ ಆರಂಭದ ವಿಧಾನಕ್ಕೆ ಗ್ರಾಂಗಟ್ಟಲೆ ಇಂಗಾಲ ಬೇಕಾಗುತ್ತಿತ್ತು, ಅಂದರೆ ವಯಸ್ಸು ತಿಳಿಯಬೇಕಾದರೆ ಚಪ್ಪಲಿಯನ್ನೇ ಸುಡಬೇಕಿತ್ತು. ಮುಂದೆ ಬಂದ, ಇಂಗಾಲದ ಪರಮಾಣುಗಳನ್ನೇ ನೇರವಾಗಿ ಎಣಿಸುವ ವೇಗವರ್ಧಕ ಯಂತ್ರಗಳಿಗೆ ಕೆಲವು ಮಿಲಿಗ್ರಾಂ ಸಾಕು, ಒಂದು ನಾರಿನ ಎಳೆ ಸಾಕು. ಕ್ರೆಸ್‌ಮನ್‌ಗೆ ಸಿಕ್ಕಿದ್ದು ಒಂದೇ ಜೋಡಿಯಾಗಿದ್ದು, ಅದನ್ನು ಆಗಲೇ ಪೂರ್ತಿ ಸುಟ್ಟುಬಿಟ್ಟಿದ್ದರೆ ಒಂದು ಸಂಖ್ಯೆ ಉಳಿಯುತ್ತಿತ್ತು, ಚಪ್ಪಲಿ ಉಳಿಯುತ್ತಿರಲಿಲ್ಲ. ಆ ಸಂಖ್ಯೆಯನ್ನು ಮುಂದೆ ಯಾರಾದರೂ ಅನುಮಾನಿಸಿದ್ದರೆ ಮರುಪರೀಕ್ಷೆಗೆ ದಾರಿಯೂ ಇರುತ್ತಿರಲಿಲ್ಲ. ಒಬ್ಬರು ಇವತ್ತು ತಿಳಿಯಬೇಕೆಂದು ಖರ್ಚು ಮಾಡುವುದು ಮುಂದಿನವರ ಪಾಲಿನದು. ಮುಂದಿನವರಿಗೆ ಬೇಕಾಗುವುದೋ ನಮಗೆ ಬೇಕಾದದ್ದರ ಸಾವಿರದಲ್ಲೊಂದು ಪಾಲು. ಡ್ರಾಯರುಗಳು ಯಾರಿಗಾಗಿ ಎಂಬ ಪ್ರಶ್ನೆಗೆ ನನಗೆ ಸಿಕ್ಕ ಅರ್ಧ ಉತ್ತರ ಇದೇ. ಇನ್ನೂ ಕಂಡುಹಿಡಿಯದ ಉಪಕರಣವೊಂದನ್ನು ಹಿಡಿದು ಬರಲಿರುವ, ಇನ್ನೂ ಹುಟ್ಟದ ವಿದ್ಯಾರ್ಥಿಗಾಗಿ.

ಬೂದಿಯ ವಿಷಯದಲ್ಲಿ ಒಂದು ಮಾತು ಸೇರಿಸದೆ ಮುಂದೆ ಹೋಗಲಾರೆ. ಮಜಾಮಾ ಕುಸಿದದ್ದು ಸುಮಾರು 7,700 ವರ್ಷಗಳ ಹಿಂದೆ ಎಂದು ಭೂವಿಜ್ಞಾನ ಈಗ ಹೇಳುತ್ತದೆ. ಆ ಸೀಮೆಯ ಕ್ಲಾಮತ್ ಜನರಲ್ಲಿ ಕೆಳಲೋಕದ ಒಡೆಯ ಲಾವೋ ಮತ್ತು ಮೇಲುಲೋಕದ ಒಡೆಯ ಸ್ಕೆಲ್ ಬೆಂಕಿ ಬಂಡೆಗಳನ್ನೆಸೆದು ಕಾದಾಡಿದ, ಕೊನೆಗೆ ಪರ್ವತವೇ ಲಾವೋನ ಮೇಲೆ ಕುಸಿದು ಆ ಜಾಗದಲ್ಲಿ ನೀರು ತುಂಬಿದ ಕಥೆ ಬಾಯಿಂದ ಬಾಯಿಗೆ ಬಂದಿದೆ. ಪರ್ವತವಿದ್ದ ಕಡೆ ಈಗ ಸರೋವರವಿದೆ ಎಂಬುದನ್ನು ಭೂವಿಜ್ಞಾನಿಗಳು ಬಂಡೆ ಓದಿ ತಿಳಿದುಕೊಂಡರು. ಇವರು ಅಜ್ಜಿಯರಿಂದ ಕೇಳಿ ತಿಳಿದಿದ್ದರು.

ವಸ್ತು ಮತ್ತು ಚೀಟಿ

ಬರ್ಕ್ ಸಂಗ್ರಹಾಲಯದ ಹೊಸ ಕಟ್ಟಡ 2019ರಲ್ಲಿ ತೆರೆಯಿತು. ಅದರ ವಿಶೇಷವೆಂದರೆ ಹಿಂದಿನ ಕೋಣೆಗಳ ಗೋಡೆಗಳಿಗೆ ಗಾಜು ಹಾಕಿದ್ದಾರೆ. ಸಂಗ್ರಹದ ಕೆಲಸ ನಡೆಯುವುದನ್ನು ಬಂದವರು ನಿಂತು ನೋಡಬಹುದು. ನಾನು ಹೋದ ದಿನ ಗಾಜಿನ ಆಚೆ ಒಬ್ಬ ಯುವತಿ ಸತ್ತ ಹಕ್ಕಿಯೊಂದನ್ನು ಸಿದ್ಧಪಡಿಸುತ್ತಿದ್ದಳು. ಒಂದು ರೆಕ್ಕೆಯನ್ನು ಪೂರ್ತಿ ಬಿಡಿಸಿ, ಒಂದೊಂದು ಗರಿಯನ್ನೂ ಅದರದರ ಜಾಗಕ್ಕೆ ಸರಿಸಿ, ಹಲಗೆಯ ಮೇಲೆ ಗುಂಡುಸೂಜಿಗಳಿಂದ ನಿಲ್ಲಿಸುತ್ತಿದ್ದಳು. ಬಿಡಿಸಿ ಒಣಗಿಸಿದ ರೆಕ್ಕೆಗಳ ಸಂಗ್ರಹಕ್ಕೆ ಬರ್ಕ್ ಹೆಸರುವಾಸಿ. ಮಡಚಿದ ರೆಕ್ಕೆಯಲ್ಲಿ ಗರಿಗಳ ಸವೆತ, ಉದುರಿ ಹುಟ್ಟುವ ಕ್ರಮ, ಹಾರಾಟದ ಲೆಕ್ಕಾಚಾರಗಳು ಕಾಣುವುದಿಲ್ಲವಂತೆ. ಇದನ್ನೆಲ್ಲ ಎಷ್ಟು ಹೊತ್ತು ಮಾಡಿದಳೋ, ಅದಕ್ಕಿಂತ ಹೆಚ್ಚು ಹೊತ್ತು ಅವಳು ಚೀಟಿಯ ಮೇಲೆ ಬಗ್ಗಿದ್ದಳು. ಬೆರಳಗಲದ ಚೀಟಿ. ಯಾವ ಹಕ್ಕಿ, ಎಲ್ಲಿ ಸಿಕ್ಕಿತು, ಯಾವತ್ತು, ಯಾರಿಗೆ, ಗಂಡೋ ಹೆಣ್ಣೋ, ತೂಕವೆಷ್ಟು. ಸಣ್ಣ ಅಕ್ಷರಗಳಲ್ಲಿ ಬರೆದು, ಒಣಗಲು ಬಿಟ್ಟು, ಮತ್ತೊಮ್ಮೆ ಓದಿ, ಕಾಲಿಗೆ ದಾರ ಹಾಕಿ ಕಟ್ಟಿದಳು. ಗಾಜಿನ ಈಚೆಗಿದ್ದ ಮಕ್ಕಳಿಗೆ ಅಷ್ಟರಲ್ಲಿ ಬೇಸರ ಹತ್ತಿ ಡೈನೊಸಾರ್ ಕಡೆಗೆ ಓಡಿಹೋಗಿದ್ದರು. ನನಗೆ ಮಾತ್ರ ಆ ಚೀಟಿಯೇ ನಿಜವಾದ ಪ್ರದರ್ಶನ ಎನ್ನಿಸಿತು.

ಹೀಗನ್ನಿಸಲು ಕಾರಣ, ಮತ್ತೆ, ಕ್ರೆಸ್‌ಮನ್. ಫೋರ್ಟ್ ರಾಕ್‌ನ ಕಾಲದಲ್ಲೇ ಅವರು ಅದೇ ಸೀಮೆಯ ಪೇಯ್ಸ್‌ಲಿ ಗುಹೆಗಳಲ್ಲೂ ಅಗೆಸಿದ್ದರು. ಅಲ್ಲಿ ಕುದುರೆ ಮತ್ತು ಒಂಟೆಯ ಎಲುಬುಗಳು ಮನುಷ್ಯರ ಕಲ್ಲಿನ ಉಪಕರಣಗಳ ಜೊತೆಯಲ್ಲೇ ಸಿಕ್ಕಿವೆ ಎಂದರು. ಅಮೆರಿಕದ ಆ ಕುದುರೆ, ಒಂಟೆಗಳು ಹಿಮಯುಗದ ಕೊನೆಗೆ ಅಳಿದುಹೋದ ಪ್ರಾಣಿಗಳು. ಜೊತೆಯಲ್ಲಿ ಮನುಷ್ಯರಿದ್ದರು ಎಂದರೆ ಅದು ದೊಡ್ಡ ಮಾತು. ಆದರೆ ಯಾವ ವಸ್ತು ಯಾವುದರಿಂದ ಎಷ್ಟು ಅಂಗುಲ ದೂರದಲ್ಲಿ, ಯಾವ ಪದರದಲ್ಲಿತ್ತು ಎಂಬ ದಾಖಲೆ ಅನುಮಾನಗಾರರ ಬಾಯಿ ಮುಚ್ಚಿಸುವಷ್ಟು ಕರಾರುವಾಕ್ಕಾಗಿರಲಿಲ್ಲ. ಚಪ್ಪಲಿಗಳನ್ನು ಬೂದಿಯ ಪದರ ಕಾಪಾಡಿತು, ಇಲ್ಲಿ ಅಂಥ ಸಾಕ್ಷಿ ಸಿಗಲಿಲ್ಲ. ಮಾತು ಅರವತ್ತು ವರ್ಷಕ್ಕೂ ಹೆಚ್ಚು ಕಾಲ ಹಾಗೇ ಉಳಿಯಿತು. 2002ರಲ್ಲಿ ಒರೆಗಾನ್ ವಿಶ್ವವಿದ್ಯಾಲಯದ ಪುರಾತತ್ವಜ್ಞ ಡೆನಿಸ್ ಜೆಂಕಿನ್ಸ್ ವಿದ್ಯಾರ್ಥಿಗಳೊಂದಿಗೆ ಮರಳಿ ಆ ಗುಹೆಗಳಿಗೆ ಹೋದರು. ಅವರಿಗೆ ಸಿಕ್ಕ ದೊಡ್ಡ ನಿಧಿ, ಮನುಷ್ಯರ ಒಣಗಿದ ಮಲ. 2008ರಲ್ಲಿ ಅದರಿಂದ ಡಿಎನ್‌ಎ ತೆಗೆದು, ಅದು 14,000 ವರ್ಷಗಳಿಗೂ ಹಿಂದಿನ ಮೂಲನಿವಾಸಿಗಳದೆಂದು ಪ್ರಕಟಿಸಿದರು. ಅಂದರೆ ಅಮೆರಿಕ ಖಂಡದ ಮೊದಲ ನಿವಾಸಿಗಳೆಂದು ಬಹುಕಾಲ ನಂಬಿದ್ದ ಕ್ಲೋವಿಸ್ ಸಂಸ್ಕೃತಿಯ ಜನರಿಗಿಂತ ಸುಮಾರು ಸಾವಿರ ವರ್ಷ ಮೊದಲು.

ಜಗಳ ಕೂಡಲೇ ಶುರುವಾಯಿತು, ಶುರುವಾಗಬೇಕಾದದ್ದೇ. ಮಲ ಪ್ರಾಣಿಯದಾಗಿದ್ದು, ಡಿಎನ್‌ಎ ಮಾತ್ರ ಮೇಲಿನ ಪದರದಿಂದ ನೀರಿನ ಜೊತೆ ಇಳಿದು ಅಂಟಿಕೊಂಡಿರಬಹುದಲ್ಲ ಎಂದು ಕೆಲವರು ಕೇಳಿದರು. ಒಳ್ಳೆಯ ಪ್ರಶ್ನೆ. ಮಲದ ಉಂಡೆಗಳು ಸಂಗ್ರಹದಲ್ಲಿ ಉಳಿದಿದ್ದರಿಂದ, ಪ್ರತಿಯೊಂದೂ ಯಾವ ಪದರದ್ದೆಂಬ ದಾಖಲೆ ಇದ್ದುದರಿಂದ, ಆ ಪ್ರಶ್ನೆಗೆ ಉತ್ತರ ಹುಡುಕುವುದು ಸಾಧ್ಯವಾಯಿತು. 2020ರಲ್ಲಿ ಒಂದು ತಂಡ ಮಲದೊಳಗಿನ ಕೊಬ್ಬಿನಂಶಗಳನ್ನು ಪರೀಕ್ಷಿಸಿತು. ಅವು ಡಿಎನ್‌ಎಯಂತೆ ಸುಲಭವಾಗಿ ನೀರಿನಲ್ಲಿ ಹರಿದುಹೋಗುವುದಿಲ್ಲ, ಮನುಷ್ಯನ ಕರುಳಿಗೂ ಸೊಪ್ಪು ತಿನ್ನುವ ಪ್ರಾಣಿಯ ಕರುಳಿಗೂ ಅವುಗಳ ಪ್ರಮಾಣ ಬೇರೆ. ಕೆಲವು ಮನುಷ್ಯರದಲ್ಲ ಎಂದಾಯಿತು. ಹಳೆಯ ಪದರಗಳ ಕೆಲವು ಮನುಷ್ಯರದೇ ಎಂದೂ ಆಯಿತು. ಒಂದೇ ಉಂಡೆಯನ್ನು ಇಬ್ಬರು ಬೇರೆ ಬೇರೆ ಪ್ರಶ್ನೆ ಇಟ್ಟುಕೊಂಡು ಓದಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ತಿಳಿಯದು. ಆ ಸೀಮೆಯ ಗುಹೆಗಳಿಂದ ಹವ್ಯಾಸಿಗಳು ಅಗೆದು ಮನೆಗೊಯ್ದ ಎಷ್ಟೋ ಬಾಣದ ಮೊನೆಗಳಿವೆ, ನೋಡಲು ಅಂದವಾದವು. ಅವುಗಳ ಜೊತೆ ಚೀಟಿಯಿಲ್ಲ, ಹಾಗಾಗಿ ಅವು ಏನನ್ನೂ ಹೇಳಲಾರವು.

ಪಳೆಯುಳಿಕೆಗಳ ವಿಭಾಗದಲ್ಲೂ ಇದೇ ಕಥೆ. ಒರೆಗಾನ್‌ನ ಆ ಸಂಗ್ರಹಕ್ಕೆ ಬುನಾದಿ ಹಾಕಿದವರು ಥಾಮಸ್ ಕಾಂಡನ್, ಅವರೂ ಪಾದ್ರಿಯೇ! 1860ರ ದಶಕದಲ್ಲಿ ಸೈನಿಕರು ತಂದುಕೊಟ್ಟ ಎಲುಬುಗಳಿಂದ ಶುರುಮಾಡಿ ಜಾನ್ ಡೇ ಕಣಿವೆಯ ಪಳೆಯುಳಿಕೆಗಳನ್ನು ಜಗತ್ತಿಗೆ ತಿಳಿಸಿದವರು, ಆ ರಾಜ್ಯ ಸರ್ಕಾರದ ಮೊದಲ ಭೂವಿಜ್ಞಾನಿ. ಸೃಷ್ಟಿಯ ಕಥೆ ಬೋಧಿಸುವ ಬಾಯಲ್ಲೇ ಮೂರು ಬೆರಳಿನ ಕುದುರೆಯ ಕಥೆಯನ್ನೂ ಹೇಳುತ್ತಿದ್ದರು, ಅವರಿಗೆ ಅದರಲ್ಲಿ ಜಗಳ ಕಾಣಲಿಲ್ಲ. ಈ ಸಂಗ್ರಹದಲ್ಲಿ ಎಂಟು ಅಡಿಗೂ ಉದ್ದ ಬೆಳೆಯುತ್ತಿದ್ದ, ಲಕ್ಷಾಂತರ ವರ್ಷಗಳ ಹಿಂದೆಯೇ ಅಳಿದ ದೈತ್ಯ ಸಾಲ್ಮನ್ ಮೀನಿನ ಪಳೆಯುಳಿಕೆಗಳಿವೆ. 1972ರಲ್ಲಿ ಅದನ್ನು ವಿವರಿಸಿದಾಗ ದೊಡ್ಡ ಹಲ್ಲುಗಳು ತಲೆಬುರುಡೆಯಿಂದ ಬೇರ್ಪಟ್ಟಿದ್ದವು. ಕತ್ತಿಹಲ್ಲಿನ ಹುಲಿಗಿದ್ದಂತೆ ಅವು ಕೆಳಕ್ಕೆ ಚಾಚಿದ್ದಿರಬೇಕು ಎಂದು ಊಹಿಸಿ ದಶಕಗಳ ಕಾಲ ಹಾಗೇ ಚಿತ್ರಿಸಿದರು. ಮುಂದೆ ಪೂರ್ಣ ತಲೆಬುರುಡೆಗಳು ಸಿಕ್ಕಿ, ಸಿ.ಟಿ. ಸ್ಕ್ಯಾನ್ ಮಾಡಿ ನೋಡಿದಾಗ ಹಲ್ಲುಗಳು ಮೂತಿಯ ಎರಡೂ ಬದಿಗೆ, ಅಡ್ಡಲಾಗಿ ಚಾಚಿಕೊಂಡಿದ್ದವು. ಇದು ಪ್ರಕಟವಾದದ್ದು 2024ರಲ್ಲಿ. ತಮ್ಮದೇ ಹೆಮ್ಮೆಯ ಮೀನಿನ ಚಿತ್ರ ತಪ್ಪೆಂದು ತೋರಿಸಿದ ಸಂಶೋಧಕರಲ್ಲಿ ಆ ಸಂಗ್ರಹಾಲಯದವರೂ ಇದ್ದರು ಎಂಬುದು ನನಗೆ ತುಂಬ ಹಿಡಿಸಿತು.

ಇಟ್ಟುಕೊಳ್ಳುವ ಹಕ್ಕು

ಇಲ್ಲಿಯವರೆಗೆ ಹೇಳಿದ್ದೆಲ್ಲ ಕಾಯ್ದಿಡುವವರ ಪರವಾದ ವಾದ. ಚಪ್ಪಲಿ, ಮಲ, ಮೀನಿನ ವಿಷಯದಲ್ಲಿ ಅದನ್ನು ನಾನು ಹೆಚ್ಚು ಅಳುಕಿಲ್ಲದೆ ಒಪ್ಪುತ್ತೇನೆ. ಆದರೆ ಇದೇ ವಾದವನ್ನು ಮನುಷ್ಯರ ಎಲುಬುಗಳ ಮೇಲೂ ಹೂಡಲಾಯಿತು. ಅಮೆರಿಕದ ಸಂಗ್ರಹಾಲಯಗಳು, ವಿಶ್ವವಿದ್ಯಾಲಯಗಳು ಮೂಲನಿವಾಸಿಗಳ ಸಮಾಧಿಗಳನ್ನು ಅಗೆದು ತಂದ ಅಸ್ಥಿಗಳನ್ನು ಡಬ್ಬಗಳಲ್ಲಿ ತುಂಬಿ, ಮುಂದೆ ಯಾವುದಾದರೂ ಪ್ರಶ್ನೆಗೆ ಬೇಕಾಗಬಹುದೆಂದು ಇಟ್ಟುಕೊಂಡವು. ಅವುಗಳಿಗೂ ಸಂಖ್ಯೆ ಇತ್ತು, ಚೀಟಿ ಇತ್ತು. ಅವರ ಮೊಮ್ಮಕ್ಕಳು ಬಾಗಿಲಿಗೆ ಬಂದು ಕೇಳಿದಾಗ ಕೊಡುವ ಮನಸ್ಸಿರಲಿಲ್ಲ. ಹಿಂದಿರುಗಿಸಬೇಕೆಂಬ ಒಕ್ಕೂಟ ಸರ್ಕಾರದ ಕಾನೂನು ಬಂದದ್ದು 1990ರಲ್ಲಿ. ಅದರಲ್ಲೂ ಯಾವ ಬುಡಕಟ್ಟಿಗೆ ಸೇರಿದ್ದೆಂದು ಗುರುತಿಸಲಾಗದ ಅಸ್ಥಿಗಳು ಎಂಬ ಒಂದು ವರ್ಗವಿತ್ತು, ಆ ಕಿಂಡಿಯಲ್ಲಿ ಬಹಳಷ್ಟು ಉಳಿದುಹೋಯಿತು. 2024ರ ಜನವರಿಯಲ್ಲಿ ಜಾರಿಗೆ ಬಂದ ಹೊಸ ನಿಯಮಗಳು ಆ ಕಿಂಡಿಯನ್ನು ಮುಚ್ಚಿದವು. ಇಂಥ ಅಸ್ಥಿಗಳನ್ನಾಗಲಿ, ಪವಿತ್ರ ವಸ್ತುಗಳನ್ನಾಗಲಿ ಪ್ರದರ್ಶಿಸುವ ಅಥವಾ ಅಧ್ಯಯನ ಮಾಡುವ ಮೊದಲೇ ಸಂಬಂಧಪಟ್ಟ ಬುಡಕಟ್ಟುಗಳ ಒಪ್ಪಿಗೆ ಪಡೆಯಬೇಕೆಂದವು. ನ್ಯೂಯಾರ್ಕ್‌ನ ದೊಡ್ಡ ನೈಸರ್ಗಿಕ ಇತಿಹಾಸ ಸಂಗ್ರಹಾಲಯ ಆಗ ಎರಡು ಸಭಾಂಗಣಗಳನ್ನೇ ಮುಚ್ಚಿತು.

ಬರ್ಕ್‌ನಲ್ಲಿ ನಿಂತಾಗ ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳಲಾಗದು. 1996ರಲ್ಲಿ ವಾಷಿಂಗ್ಟನ್ ರಾಜ್ಯದ ಕೆನೆವಿಕ್ ಬಳಿ, ಕೊಲಂಬಿಯಾ ನದಿಯ ದಡದಲ್ಲಿ, ಸುಮಾರು 8,500 ವರ್ಷಗಳ ಹಿಂದಿನ ಮನುಷ್ಯನ ಅಸ್ಥಿಪಂಜರ ಸಿಕ್ಕಿತು. ಸುತ್ತಲಿನ ಬುಡಕಟ್ಟುಗಳು ಅವನನ್ನು ಪುರಾತನ ಹಿರಿಯನೆಂದು ಕರೆದು ಮಣ್ಣು ಮಾಡಲು ಕೇಳಿದವು. ಕೆಲವು ವಿಜ್ಞಾನಿಗಳು ನ್ಯಾಯಾಲಯಕ್ಕೆ ಹೋದರು. ತಲೆಬುರುಡೆಯ ಆಕಾರ ಇಂದಿನ ಮೂಲನಿವಾಸಿಗಳನ್ನು ಹೋಲುವುದಿಲ್ಲ, ಇವನು ಅವರ ಪೂರ್ವಜನೆನ್ನಲು ಆಧಾರವಿಲ್ಲ ಎಂಬ ವಾದ 2004ರಲ್ಲಿ ಮೇಲ್ಮನವಿಯಲ್ಲೂ ಗೆದ್ದಿತು. ಅಷ್ಟೂ ಕಾಲ, 1998ರಿಂದ, ಆ ಅಸ್ಥಿಗಳು ಇದ್ದದ್ದು ಬರ್ಕ್‌ನಲ್ಲಿ. 2015ರಲ್ಲಿ ಡಿಎನ್‌ಎ ಪರೀಕ್ಷೆ ನಡೆದು, ಅವನು ಇಂದಿನ ಮೂಲನಿವಾಸಿಗಳಿಗೇ ಹತ್ತಿರದವನು ಎಂದು ತಿಳಿಯಿತು. ಹೋಲಿಸಿ ನೋಡಲು ತಮ್ಮದೇ ಡಿಎನ್‌ಎ ಮಾದರಿಗಳನ್ನು ಕೊಟ್ಟವರು ಅವನನ್ನು ಕೇಳುತ್ತಿದ್ದ ಬುಡಕಟ್ಟುಗಳಲ್ಲೊಂದಾದ ಕಾಲ್ವಿಲ್ ಜನ. 2017ರ ಫೆಬ್ರುವರಿಯಲ್ಲಿ ಅವನನ್ನು ಮಣ್ಣು ಮಾಡಲಾಯಿತು.

ಕಾಯ್ದಿಟ್ಟಿದ್ದರಿಂದಲೇ ತಾನೆ ಸತ್ಯ ಹೊರಬಂದದ್ದು ಎಂದು ಇದನ್ನು ವಿಜ್ಞಾನದ ಗೆಲುವಿನ ಕಥೆಯಾಗಿ ಹೇಳುವವರಿದ್ದಾರೆ. ಆ ಮಾತು ಸುಳ್ಳಲ್ಲ, ಆದರೆ ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಹೊರಬಂದ ಸತ್ಯ ಬುಡಕಟ್ಟಿನವರಿಗೆ ಹೊಸದಾಗಿರಲಿಲ್ಲ. ಅವರು ಮೊದಲ ದಿನ ಹೇಳಿದ್ದನ್ನೇ ಇಪ್ಪತ್ತು ವರ್ಷಗಳ ನಂತರ ಪ್ರಯೋಗಾಲಯ ಹೇಳಿತು, ಆ ಇಪ್ಪತ್ತು ವರ್ಷ ಅವರ ಹಿರಿಯ ಡಬ್ಬದಲ್ಲಿದ್ದ. ಹುಟ್ಟದ ವಿದ್ಯಾರ್ಥಿಯ ಹಕ್ಕು ಎಂದು ನಾನು ಮೇಲೆ ಬರೆದೆನಲ್ಲ, ಅದರ ಎದುರಿಗೆ ಹುಟ್ಟಿರುವ, ಬಾಗಿಲಲ್ಲಿ ನಿಂತಿರುವ ಮೊಮ್ಮಗಳ ಹಕ್ಕನ್ನು ಇಟ್ಟಾಗ ತಕ್ಕಡಿ ಯಾವ ಕಡೆ ವಾಲಬೇಕೆಂಬುದರಲ್ಲಿ ನನಗೆ ಅನುಮಾನವಿಲ್ಲ. ಗಟ್ಟಿ ಉತ್ತರ ಸಿಗದಿರುವುದು ಇವೆರಡರ ನಡುವಿನ ವಸ್ತುಗಳ ವಿಷಯದಲ್ಲಿ. ಚಪ್ಪಲಿ ಎಲುಬಲ್ಲ, ಆದರೆ ಅದನ್ನು ಯಾರೋ ತಮ್ಮ ಮಗುವಿನ ಕಾಲಳತೆಗೆ ಹೆಣೆದಿದ್ದರು. ಅವರ ವಂಶದವರೆಂದು ಹೇಳಿಕೊಳ್ಳುವವರು ಅದೇ ನಾಡಿನಲ್ಲಿ ಇವತ್ತೂ ಇದ್ದಾರೆ. ಮೊದಲು ಕೇಳಿ ಆಮೇಲೆ ಪೆಟ್ಟಿಗೆ ತೆರೆಯುವ ಪದ್ಧತಿ ಸಂಶೋಧನೆಯನ್ನು ನಿಧಾನಿಸುತ್ತದೆ ಎಂಬ ಗೊಣಗಾಟವನ್ನು ನಾನೂ ಕೇಳಿದ್ದೇನೆ. ಹತ್ತು ಸಾವಿರ ವರ್ಷ ಕಾದ ವಸ್ತುವಿಗೆ ಒಂದು ಪತ್ರದ ಉತ್ತರ ಬರುವವರೆಗೆ ಕಾಯುವುದು ಹೊರೆಯೇನಲ್ಲ.

ಕಾಯುವುದೇ ಕಸುಬಾಗಿರುವ ಈ ಜಾಗಗಳಲ್ಲಿ ಈಗ ಹೊಸದೊಂದು ವಾದ ನಡೆಯುತ್ತಿದೆ. ಒರೆಗಾನ್‌ನ ರಿಮ್‌ರಾಕ್ ಡ್ರಾ ಎಂಬ ಬಂಡೆಯಾಸರೆಯಲ್ಲಿ ಒರೆಗಾನ್ ವಿಶ್ವವಿದ್ಯಾಲಯದ ತಂಡಕ್ಕೆ, 15,000 ವರ್ಷಗಳಿಗೂ ಹಳೆಯದಾದ ಸೇಂಟ್ ಹೆಲೆನ್ಸ್ ಜ್ವಾಲಾಮುಖಿಯ ಬೂದಿಯ ಕೆಳಗೆ, ಒಂಟೆ ಮತ್ತು ಕಾಡೆಮ್ಮೆಯ ಹಲ್ಲಿನ ಚೂರುಗಳು ಹಾಗೂ ಮನುಷ್ಯರು ಕೆತ್ತಿದ ಕಲ್ಲಿನ ಉಪಕರಣಗಳು ಸಿಕ್ಕಿವೆ. ಹಲ್ಲಿನ ಎನಾಮೆಲ್‌ಗೆ ಸುಮಾರು 18,250 ವರ್ಷ ಎಂದು 2023ರಲ್ಲಿ ಪ್ರಕಟಿಸಿದರು. ಕ್ರೆಸ್‌ಮನ್‌ರ ಮಾತನ್ನು ಅನುಮಾನಿಸಿದಂತೆಯೇ ಇದನ್ನೂ ಅನುಮಾನಿಸುವವರಿದ್ದಾರೆ. ಹಲ್ಲಿನ ವಯಸ್ಸೇ ಉಪಕರಣದ ವಯಸ್ಸೆಂದು ಹೇಗೆ ಹೇಳುತ್ತೀರಿ ಎಂಬುದು ಅವರ ಪ್ರಶ್ನೆ, ಅದೂ ಒಳ್ಳೆಯ ಪ್ರಶ್ನೆಯೇ. ಮತ್ತೆ ಯುಜೀನ್‌ಗೆ ಹೋಗುವ ಅವಕಾಶ ಸಿಕ್ಕರೆ ಅಲ್ಲಿನವರನ್ನು ನಾನು ಕೇಳಬೇಕೆಂದಿರುವುದು ಎರಡೇ ವಿಷಯ: ಪರೀಕ್ಷೆಗೆ ಕೊಟ್ಟ ಮೇಲೆ ಆ ಎನಾಮೆಲ್ ಎಷ್ಟು ಉಳಿದಿದೆ, ಮತ್ತು ಆ ನೆಲದ ಪೈಯೂಟ್ ಜನರನ್ನು ಯಾವ ಹಂತದಲ್ಲಿ ಕೇಳಿದಿರಿ.